ಅಜ್ಜಿಯ ಭುಜ, ಮೊಮ್ಮಗಳ ಜಡೆ

ನಮ್ಮ ಮನೆಯಲ್ಲಿ ಬೆಳಗಿನ ಏಳೂಕಾಲು ಗಂಟೆ ಎಂದರೆ ಜಡೆಯ ಹೊತ್ತು. ಮಗನಿಗೆ ತುಮಕೂರಿನಿಂದ ಬೆಂಗಳೂರಿಗೆ ಹೋಗುವ ರೈಲಿನ ಆತುರ, ಸೊಸೆಗೆ ಆಫೀಸಿನ ಆತುರ. ಹಾಗಾಗಿ ಐದನೇ ಕ್ಲಾಸಿನ ಮೊಮ್ಮಗಳು ಪುಟ್ಟಿಯ ತಲೆ ಬಾಚಿ, ಎರಡು ಜಡೆ ಹೆಣೆದು, ರಿಬ್ಬನ್ ಮಡಿಸಿ ಕಟ್ಟುವ ಕೆಲಸ ಅವಳ ಒಂದನೇ ಕ್ಲಾಸಿನಿಂದಲೂ ನನ್ನದೇ. ಅವಳು ಕನ್ನಡಿಯ ಮುಂದೆ ಸ್ಟೂಲಿನ ಮೇಲೆ ಕೂರುತ್ತಾಳೆ, ನಾನು ಹಿಂದೆ ನಿಲ್ಲುತ್ತೇನೆ. ಶಾಲೆಯ ಸುದ್ದಿಯೆಲ್ಲ ನನಗೆ ಗೊತ್ತಾಗುವುದು ಆ ಹತ್ತು ನಿಮಿಷದಲ್ಲೇ.

ಕಳೆದ ಗೌರಿಹಬ್ಬಕ್ಕೆ ಎರಡು ದಿನ ಮುಂಚೆ ಅಟ್ಟದ ಮೇಲಿದ್ದ ಹಿತ್ತಾಳೆ ಪಾತ್ರೆ ಇಳಿಸಲು ಹೋದೆ. ಮಗ ಬರಲಿ ಎಂದು ಕಾಯಬಹುದಿತ್ತು. ಆದರೆ ಅರವತ್ತಾರು ವರ್ಷವಾದರೂ ನನ್ನ ಕೈಯಲ್ಲಿ ಆಗದ ಕೆಲಸವುಂಟೇ ಎಂಬ ಜಂಬ ನೋಡಿ! ಸ್ಟೂಲು ಹತ್ತಿ, ಬಲಗೈ ಚಾಚಿ ಪಾತ್ರೆಯ ಕಂಠ ಹಿಡಿದು ಎಳೆದೆ. ಭುಜದಲ್ಲೊಂದು ಚಳುಕು. ಪಾತ್ರೆ ಬೀಳಲಿಲ್ಲ, ನಾನೂ ಬೀಳಲಿಲ್ಲ. ‘ನರ ಎಳೆದಿರಬೇಕು’ ಎಂದುಕೊಂಡು ಕಡುಬಿನ ಹಿಟ್ಟು ಕಲಸಲು ಕೂತೆ.

ರಾತ್ರಿ ಏಳುವ ನೋವು

ಹಬ್ಬ ಮುಗಿಯಿತು, ನೋವು ಮುಗಿಯಲಿಲ್ಲ. ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಬಲಮಗ್ಗುಲಿಗೆ ಹೊರಳಿದರೆ ಸಾಕು, ತೋಳಿನೊಳಗೆ ಯಾರೋ ದಬ್ಬಳ ಆಡಿಸಿದ ಹಾಗಾಗಿ ಎಚ್ಚರವಾಗುತ್ತಿತ್ತು. ವಿಚಿತ್ರವೆಂದರೆ ನೋವು ಭುಜದ ತುದಿಯಲ್ಲಿರಲಿಲ್ಲ. ಅದಕ್ಕಿಂತ ಕೆಳಗೆ, ರವಿಕೆಯ ತೋಳು ಮುಗಿಯುವ ಜಾಗದಲ್ಲಿ, ರಟ್ಟೆಯ ಹೊರಮೈಯಲ್ಲಿತ್ತು. ಮೇಲಿನ ಗೂಡಿನಿಂದ ಕಾಫಿಪುಡಿ ಡಬ್ಬ ತೆಗೆಯುವಾಗ, ತಂತಿಯ ಮೇಲೆ ಬಟ್ಟೆ ಹರವುವಾಗ, ಬೆನ್ನ ಹಿಂದಿನಿಂದ ಸೆರಗು ಎಳೆದು ಸಿಕ್ಕಿಸಿಕೊಳ್ಳುವಾಗ ಅದು ತಪ್ಪದೆ ಹಾಜರಾಗುತ್ತಿತ್ತು.

ಎಲ್ಲರ ಮನೆಯಲ್ಲಿ ಆಗುವ ಮದ್ದೆಲ್ಲ ನಮ್ಮ ಮನೆಯಲ್ಲೂ ಆಯಿತು. ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಬಿಸಿಮಾಡಿ ಹಚ್ಚಿದೆ. ಉಪ್ಪಿನ ಶಾಖ ಕೊಟ್ಟೆ. ಪಕ್ಕದ ಮನೆಯಾಕೆ ‘ಇದು ವಾಯು, ಆಲೂಗೆಡ್ಡೆ ಬಿಡಿ’ ಎಂದರು. ಬಿಟ್ಟೆ. ಇನ್ನೊಬ್ಬರು, ಕೈ ಎಳೆದು ‘ಲಟಕ್’ ಅನ್ನಿಸಿದರೆ ಸರಿಹೋಗುತ್ತದೆ ಎಂದು ಗೊತ್ತಿದ್ದವರೊಬ್ಬರ ಹತ್ತಿರ ಕರೆದುಕೊಂಡು ಹೋದರು. ಎಳೆಸಿಕೊಂಡೆ. ಆಮೇಲೆ ಎರಡು ದಿನ ಅನ್ನ ಕಲಸಲೂ ಆಗಲಿಲ್ಲ. ಕೊನೆಗೆ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತರಿಸಿ, ದಿನಕ್ಕೆರಡರಂತೆ ನುಂಗತೊಡಗಿದೆ. ನನಗೆ ಬಿಪಿಯೂ ಉಂಟು, ಸಕ್ಕರೆ ಕಾಯಿಲೆಯೂ ಉಂಟು. ಆ ಮಾತ್ರೆಯನ್ನು ಮನೆಯವರಿಗೆ ಹೇಳದೆ ನುಂಗುತ್ತಿದ್ದೆ ಎಂಬುದನ್ನು ಇಲ್ಲಿ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ಯಾಕೆ ಹೇಳಲಿಲ್ಲ? ನನ್ನ ವಯಸ್ಸಿನವರಿಗೆ ಉತ್ತರ ಗೊತ್ತಿರುತ್ತದೆ. ಹೇಳಿದರೆ ಡಾಕ್ಟರು, ಡಾಕ್ಟರೆಂದರೆ ಸ್ಕ್ಯಾನು, ಸ್ಕ್ಯಾನೆಂದರೆ ಆಪರೇಷನ್ನು. ಆಮೇಲೆ ಸೊಸೆಗೆ ರಜೆ ಸಿಗಬೇಕು, ಮಗುವನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಮನೆಗೆ ಆಸರೆಯಾಗಿದ್ದವಳು ಹೊರೆಯಾಗಿಬಿಡುತ್ತೇನಲ್ಲ ಎಂಬ ಭಯ.

ಕನ್ನಡಿ ಹೇಳಿದ ಸುದ್ದಿ

ದೀಪಾವಳಿ ರಜೆ ಮುಗಿಯುವ ಹಿಂದಿನ ದಿನ ಪುಟ್ಟಿ ಅಮ್ಮನ ಜೊತೆ ಪೇಟೆಗೆ ಹೋದವಳು ಕಿವಿಯವರೆಗೆ ಕೂದಲು ಕತ್ತರಿಸಿಕೊಂಡು ಬಂದಳು. ನನಗೆ ಎದೆ ಧಸಕ್ಕೆಂದಿತು. ಸೊಂಟದವರೆಗಿದ್ದ ಕೂದಲು! ಐದು ವರ್ಷ ಎಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ತೊಳೆದು ಬೆಳೆಸಿದ್ದು. ‘ಯಾರನ್ನು ಕೇಳಿ ಕತ್ತರಿಸಿದೆ?’ ಎಂದು ರೇಗಿದೆ. ‘ಸೆಕೆ ಅಜ್ಜಿ’ ಎಂದಳು. ಕಾರ್ತಿಕ ಮಾಸದಲ್ಲಿ ಎಂಥ ಸೆಕೆ!

ರಾತ್ರಿ ಪಕ್ಕದಲ್ಲಿ ಮಲಗಿದ್ದವಳು ಕತ್ತಲಲ್ಲಿ ಮೆಲ್ಲಗೆ ಹೇಳಿದಳು: “ಅಜ್ಜಿ, ಜಡೆ ಹಾಕುವಾಗ ಕನ್ನಡಿಯಲ್ಲಿ ನಿನ್ನ ಮುಖ ಕಾಣುತ್ತೆ. ಕೈ ಎತ್ತಿದಾಗಲೆಲ್ಲ ನೀನು ಹಲ್ಲು ಕಚ್ಚಿಕೊಳ್ತೀಯ. ಈಗ ಕೂದಲು ಗಿಡ್ಡ ಆಯ್ತಲ್ಲ, ಇನ್ನು ನೋವಾಗಲ್ಲ ಅಲ್ವಾ?”

ಎರಡು ತಿಂಗಳಿಂದ ದೊಡ್ಡವರಿಗೆಲ್ಲ ಮುಚ್ಚಿಟ್ಟಿದ್ದನ್ನು ಹತ್ತು ವರ್ಷದ ಮಗು ದಿನಾ ನೋಡುತ್ತಿತ್ತು. ಅವಳನ್ನು ಅಪ್ಪಿಕೊಳ್ಳಲು ಹೋದರೆ ಆಗಲೂ ಬಲಗೈ ಪೂರಾ ಬರಲಿಲ್ಲ. ಮಾರನೇ ಬೆಳಿಗ್ಗೆ ಕಾಫಿಯ ಹೊತ್ತಿನಲ್ಲಿ ಯಜಮಾನರಿಗೂ ಮಗ-ಸೊಸೆಗೂ ಎಲ್ಲ ಹೇಳಿದೆ. ಆ ಶನಿವಾರವೇ ಮೂಳೆ ಡಾಕ್ಟರಮ್ಮನ ಮುಂದೆ ಕೂತಿದ್ದೆ. ಪುಟ್ಟಿಯೂ ಹಟಮಾಡಿ ಜೊತೆಗೆ ಬಂದಿದ್ದಳು.

ಚಮಚದ ಮೇಲಿನ ನಿಂಬೆಹಣ್ಣು

ಡಾಕ್ಟರಮ್ಮ ನನಗಿಂತ ಮೊದಲು ಪುಟ್ಟಿಗೇ ಪಾಠ ಶುರುಮಾಡಿದರು. ಮಕ್ಕಳೇ, ನೀವೂ ಕೇಳಿಸಿಕೊಳ್ಳಿ.

ಶಾಲೆಯ ಕ್ರೀಡಾಕೂಟದಲ್ಲಿ ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡಿದ್ದೀರಲ್ಲ? ನಮ್ಮ ಭುಜದ ಕೀಲೂ ಹಾಗೇ ಇದೆ. ತೋಳಿನ ಮೂಳೆಯ ತುದಿ ನಿಂಬೆಹಣ್ಣಿನಂತೆ ಗುಂಡಗಿದೆ. ಅದು ಕೂರುವ ಜಾಗ, ಬೆನ್ನಿನಲ್ಲಿ ರೆಕ್ಕೆಯಂತಿರುವ ಹೆಗಲೆಲುಬಿನ ಅಂಚಿನಲ್ಲಿದೆ. ಅದು ಚಮಚದಷ್ಟೇ ಆಳ. ಸೊಂಟದ ಕೀಲಿನ ಗುಂಡು ಆಳವಾದ ಬಟ್ಟಲಿನಲ್ಲಿ ಭದ್ರವಾಗಿ ಕೂತಿರುತ್ತದೆ. ಭುಜಕ್ಕೆ ಆ ಭದ್ರತೆ ಇಲ್ಲ. ಅದಕ್ಕೆ ಬದಲಾಗಿ ಸ್ವಾತಂತ್ರ್ಯ ಇದೆ. ಮೈಯ ಯಾವ ಕೀಲೂ ಭುಜದಷ್ಟು ದಿಕ್ಕಿಗೆ ತಿರುಗುವುದಿಲ್ಲ.

ಹಾಗಾದರೆ ನಿಂಬೆಹಣ್ಣು ಚಮಚದಿಂದ ಯಾಕೆ ಬೀಳುವುದಿಲ್ಲ? ನಾಲ್ಕು ಸ್ನಾಯುಗಳು ಅದನ್ನು ಹಿಂದೆ, ಮುಂದೆ, ಮೇಲೆ ಹೀಗೆ ಸುತ್ತಲಿಂದ ಒತ್ತಿ ಹಿಡಿದಿರುತ್ತವೆ. ಅವುಗಳ ಹೆಸರು ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್ ಮತ್ತು ಸಬ್‌ಸ್ಕ್ಯಾಪುಲಾರಿಸ್. ಸ್ನಾಯು ಮೂಳೆಗೆ ಅಂಟಿಕೊಳ್ಳುವ ತುದಿಯಲ್ಲಿ ಹಗ್ಗದಂಥ ಗಟ್ಟಿ ಪಟ್ಟಿ ಇರುತ್ತದೆ. ಅದು ಸ್ನಾಯುರಜ್ಜು. ಹಳಬರು ಇದನ್ನೇ ‘ನರ’ ಎನ್ನುತ್ತಿದ್ದರು. ಈ ನಾಲ್ಕೂ ರಜ್ಜುಗಳು ಸೇರಿ, ಅಂಗಿಯ ತೋಳಿನ ಪಟ್ಟಿ ಮಣಿಕಟ್ಟನ್ನು ಸುತ್ತುವ ಹಾಗೆ, ಮೂಳೆಯ ಗುಂಡನ್ನು ಸುತ್ತಿಕೊಂಡಿವೆ. ಅಂಗಿಯ ಆ ಪಟ್ಟಿಯನ್ನು ಕಫ್ ಎನ್ನುತ್ತೇವಲ್ಲ, ಅದಕ್ಕೇ ಇದಕ್ಕೆ ‘ರೊಟೇಟರ್ ಕಫ್’ ಎಂದು ಹೆಸರು.

ನಾಲ್ಕರಲ್ಲಿ ಹೆಚ್ಚು ಕಷ್ಟಪಡುವುದು ಸುಪ್ರಾಸ್ಪೈನೇಟಸ್. ಭುಜದ ಮೇಲ್ಗಡೆ ಮೂಳೆಯದೊಂದು ಸೂರು ಇದೆ. ಆ ಸೂರಿನ ಕೆಳಗಿನ ಇಕ್ಕಟ್ಟಿನಲ್ಲಿ ಈ ರಜ್ಜು ಹಾದುಹೋಗುತ್ತದೆ. ಕೈ ಮೇಲೆತ್ತಿದಾಗಲೆಲ್ಲ ಇಕ್ಕಟ್ಟು ಇನ್ನಷ್ಟು ಬಿಗಿಯಾಗುತ್ತದೆ. ವಯಸ್ಸಾದ ಹಾಗೆ ರಜ್ಜುವಿನ ಎಳೆಗಳು ಸವೆಯುತ್ತವೆ, ಅದಕ್ಕೆ ರಕ್ತ ಸರಬರಾಜೂ ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟಿನ ಚಟ ಇದ್ದರೆ ಗಾಯ ಮಾಯುವುದೂ ನಿಧಾನ. ಹಿತ್ತಾಳೆ ಪಾತ್ರೆ ಎಳೆದ ಒಂದು ಕ್ಷಣ ನನ್ನ ಭುಜವನ್ನು ಕೆಡಿಸಲಿಲ್ಲ. ವರ್ಷಗಟ್ಟಲೆ ಸವೆದಿದ್ದ ಎಳೆಗಳನ್ನು ಅದು ಕಡಿಯಿತು, ಅಷ್ಟೇ.

ಪರೀಕ್ಷೆ ಮಾಡಿದ ಬಗೆ

ಯಂತ್ರಕ್ಕಿಂತ ಮೊದಲು ಡಾಕ್ಟರಮ್ಮ ತಮ್ಮ ಕೈಯಿಂದಲೇ ಪರೀಕ್ಷೆ ಮಾಡಿದರು. “ಪಕ್ಕದಿಂದ ಕೈ ನಿಧಾನವಾಗಿ ಮೇಲೆತ್ತಿ ಅಮ್ಮ” ಎಂದರು. ಮೊದಲು ಏನೂ ಆಗಲಿಲ್ಲ. ಕೈ ಸುಮಾರು 60 ಡಿಗ್ರಿ ದಾಟಿದಾಗ ನೋವು ಹಿಡಿಯಿತು. 120 ಡಿಗ್ರಿ ದಾಟಿದ ಮೇಲೆ ಕಡಿಮೆಯಾಯಿತು. ಈ ನಡುವಿನ ಕಮಾನಿನಲ್ಲಿ ಮಾತ್ರ ನೋವು ಬಂದರೆ ಸೂರಿನ ಕೆಳಗಿನ ರಜ್ಜುವಿಗೆ ತೊಂದರೆಯಾಗಿದೆ ಎಂದು ಊಹಿಸಬಹುದಂತೆ.

ಆಮೇಲೆ ನನಗೆ ಕೈ ಸಡಿಲ ಬಿಡಲು ಹೇಳಿ ತಾವೇ ಹಿಡಿದು ಎತ್ತಿದರು. ಪೂರ್ತಿ ಮೇಲೆ ಹೋಯಿತು. “ಇದು ಫ್ರೋಜನ್ ಶೋಲ್ಡರ್ ಅಲ್ಲ” ಎಂದರು. ಭುಜ ಹೆಪ್ಪುಗಟ್ಟಿದಂತೆ ಬಿಗಿದುಕೊಳ್ಳುವ ಆ ಕಾಯಿಲೆ ಸಕ್ಕರೆ ಕಾಯಿಲೆಯವರಲ್ಲಿ ಹೆಚ್ಚು. ಅದರಲ್ಲಿ ಬೇರೆಯವರು ಎತ್ತಿದರೂ ಕೈ ಪೂರ್ತಿ ಮೇಲೆ ಹೋಗುವುದಿಲ್ಲ. ಕಫ್ ಹರಿದವರಿಗೆ ತಾವಾಗಿ ಎತ್ತುವುದು ಕಷ್ಟ, ಇನ್ನೊಬ್ಬರು ಎತ್ತಿದರೆ ಸಾಮಾನ್ಯವಾಗಿ ಹೋಗುತ್ತದೆ. ಎರಡಕ್ಕೂ ಚಿಕಿತ್ಸೆ ಬೇರೆ ಬೇರೆ. ಆದ್ದರಿಂದ ‘ಭುಜನೋವಿಗೆ ನಮ್ಮ ಭಾವನವರಿಗೆ ಇದೇ ಮಾತ್ರೆ ಕೊಟ್ಟಿದ್ದರು’ ಎಂದು ಇನ್ನೊಬ್ಬರ ಚೀಟಿ ನಂಬಬೇಡಿ.

ಮೂರನೆಯ ಪರೀಕ್ಷೆ ಪುಟ್ಟಿಗೆ ತುಂಬಾ ಹಿಡಿಸಿತು. ಎರಡೂ ಕೈ ಮುಂದಕ್ಕೆ, ಸ್ವಲ್ಪ ಓರೆಯಾಗಿ ಚಾಚಿ, ಕೈಯಲ್ಲಿರುವ ಲೋಟದ ನೀರು ಚೆಲ್ಲುವ ಹಾಗೆ ಹೆಬ್ಬೆರಳನ್ನು ಕೆಳಕ್ಕೆ ತಿರುಗಿಸಬೇಕು. ಡಾಕ್ಟರು ಮೇಲಿನಿಂದ ಒತ್ತುತ್ತಾರೆ, ನಾವು ತಡೆಯಬೇಕು. ನನ್ನ ಎಡಗೈ ತಡೆಯಿತು. ಬಲಗೈ ನೋವಿನಿಂದ ಕುಸಿಯಿತು. ಕತ್ತು ತಿರುಗಿಸಿ, ಬೆರಳು ಜೋಮು ಹಿಡಿಯುತ್ತದೆಯೇ ಎಂದೂ ಕೇಳಿದರು. ಕತ್ತಿನಿಂದ ಬರುವ ನೋವು ಎಷ್ಟೋ ಸಲ ಮೊಣಕೈ ದಾಟಿ ಬೆರಳಿನವರೆಗೆ ಇಳಿಯುತ್ತದೆ.

ಎಕ್ಸ್‌ರೇಯಲ್ಲಿ ಮೂಳೆ ಕಾಣುತ್ತದೆ, ರಜ್ಜು ಕಾಣುವುದಿಲ್ಲ. ರಜ್ಜು ನೋಡಲು ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಬೇಕು. ನನಗೆ ಎಂಆರ್‌ಐ ಮಾಡಿಸಿದರು. ಆ ಕೊಳವೆಯೊಳಗೆ ಮಲಗಿದಾಗ ಯಾರೋ ಬಕೆಟ್ಟು ಬಡಿಯುವಂಥ ಸದ್ದು. ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತ ಅಲುಗಾಡದೆ ಮಲಗಿದ್ದೆ.

‘ಹರಿದಿದೆ’ ಎಂಬ ಮಾತು

ರಿಪೋರ್ಟಿನಲ್ಲಿದ್ದದ್ದು ಇಷ್ಟು: ಸುಪ್ರಾಸ್ಪೈನೇಟಸ್ ರಜ್ಜು ಒಳಮೈಯಲ್ಲಿ ಸುಮಾರು 4 ಮಿಲಿಮೀಟರ್ ಆಳಕ್ಕೆ ಭಾಗಶಃ ಹರಿದಿದೆ. ‘ಹರಿದಿದೆ’ ಎಂದು ಕಿವಿಗೆ ಬಿದ್ದದ್ದೇ ತಡ, ಮುಂದಿನದು ನನಗೆ ಕೇಳಿಸಲಿಲ್ಲ. “ಹರಿದಿದ್ದನ್ನು ಹೊಲಿಯಲೇಬೇಕಲ್ಲ ಡಾಕ್ಟ್ರೇ?” ಎಂದೆ. ಕಣ್ಣು ತುಂಬಿತ್ತು.

ಡಾಕ್ಟರಮ್ಮ ನಕ್ಕರು. “ನಿಮ್ಮ ಊರಲ್ಲಿ ಬಾವಿ ಇತ್ತಾ ಅಮ್ಮ? ಬಾವಿ ಹಗ್ಗದ ನಾಲ್ಕು ಎಳೆ ಕಿತ್ತುಬಂದ ಕೂಡಲೇ ಹಗ್ಗ ಎಸೀತಿದ್ರಾ?”

ಇಲ್ಲ, ಎಸೆಯುತ್ತಿರಲಿಲ್ಲ. ಸ್ವಲ್ಪ ದಿನ ದೊಡ್ಡ ಕೊಡ ಬಿಟ್ಟು ಚಿಕ್ಕ ಕೊಡದಲ್ಲಿ ಸೇದುತ್ತಿದ್ದೆವು.

“ನಿಮ್ಮ ಭುಜಕ್ಕೂ ಅದನ್ನೇ ಮಾಡೋಣ” ಎಂದರು. ಆ ರಜ್ಜುವಿನ ದಪ್ಪ ಸುಮಾರು 10ರಿಂದ 12 ಮಿಲಿಮೀಟರ್. 3 ಮಿಲಿಮೀಟರಿಗಿಂತ ಕಡಿಮೆ ಹರಿದಿದ್ದರೆ ಮೊದಲ ದರ್ಜೆ, 3ರಿಂದ 6 ಎರಡನೆಯದು, 6ಕ್ಕಿಂತ ಹೆಚ್ಚು ಅಂದರೆ ಅರ್ಧ ದಪ್ಪ ದಾಟಿದ್ದು ಮೂರನೆಯದು. ಈ ಕಡೆಯಿಂದ ಆ ಕಡೆಗೆ ತೂತಾದರೆ ಅದು ಪೂರ್ತಿ ಹರಿದದ್ದು. ನನ್ನದು ಎರಡನೇ ದರ್ಜೆ. ಉಳಿದ ಎಳೆಗಳು ಗಟ್ಟಿಯಾಗಿವೆ.

ಇನ್ನೊಂದು ಸಂಗತಿಯನ್ನೂ ಹೇಳಿದರು. 1995ರಲ್ಲಿ ಅಮೆರಿಕದಲ್ಲಿ, ಭುಜನೋವೇ ಇಲ್ಲದ 96 ಜನರಿಗೆ ಎಂಆರ್‌ಐ ಮಾಡಿ ನೋಡಿದ್ದರಂತೆ. 60 ದಾಟಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ಕಫ್ ಭಾಗಶಃ ಅಥವಾ ಪೂರ್ತಿ ಹರಿದಿತ್ತು. ಅವರೆಲ್ಲ ಅದರ ಅರಿವೂ ಇಲ್ಲದೆ ಓಡಾಡಿಕೊಂಡಿದ್ದರು. ಅಂದರೆ ಚಿತ್ರದಲ್ಲಿ ಹರಿದಂತೆ ಕಂಡ ಮಾತ್ರಕ್ಕೆ ಕೈ ಕೆಲಸಕ್ಕೆ ಬಾರದು ಎಂದಲ್ಲ. ಉಳಿದ ಎಳೆಗಳಿಗೂ ಪಕ್ಕದ ಸ್ನಾಯುಗಳಿಗೂ ಬಲ ತುಂಬಿದರೆ ಅವು ಭಾರ ಹಂಚಿಕೊಳ್ಳುತ್ತವೆ. ಆ ರಾತ್ರಿಯೂ ನೋವಿತ್ತು, ಆದರೆ ಎದೆಯ ಮೇಲಿನ ಕಲ್ಲು ಇಳಿದಿತ್ತು.

ಮಾತ್ರೆಯ ವಿಷಯಕ್ಕೆ ಮಾತ್ರ ಚೆನ್ನಾಗಿ ಬೈಸಿಕೊಂಡೆ. ಬಿಪಿ, ಸಕ್ಕರೆ ಇರುವ ಹಿರಿಯರು ನೋವಿನ ಮಾತ್ರೆಯನ್ನು ತಾವಾಗಿ ವಾರಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಬಿಪಿ ಏರಬಹುದು. ರಕ್ತ ಪರೀಕ್ಷೆ ಮಾಡಿಸಿದರು. ದೇವರ ದಯೆ, ಮೂತ್ರಪಿಂಡ ಸರಿಯಾಗಿತ್ತು. ಆ ಮಾತ್ರೆ ಬಿಡಿಸಿ, ಅಗತ್ಯವಿದ್ದಾಗ ಮಾತ್ರ ಪ್ಯಾರಾಸಿಟಮಾಲ್ ಎಂದು ಬರೆದುಕೊಟ್ಟರು.

ಗೋಡೆಯ ಮೇಲಿನ ಗೆರೆಗಳು

‘ಚಿಕ್ಕ ಕೊಡ’ ಎಂದರೆ ಹೀಗೆ: ಹೆಗಲಿಗಿಂತ ಮೇಲೆ ಕೈ ಚಾಚುವ ಕೆಲಸ, ಮೈಯಿಂದ ದೂರಕ್ಕೆ ಕೈ ಚಾಚಿ ಭಾರ ಎತ್ತುವ ಕೆಲಸ ಕೆಲವು ವಾರ ಬೇಡ. ಹಾಗೆಂದು ಕೈಯನ್ನು ಜೋಳಿಗೆಗೆ ಹಾಕಿ ಸುಮ್ಮನೆ ಇಟ್ಟುಕೊಳ್ಳುವುದೂ ಬೇಡ. ಆಡಿಸದ ಭುಜ ಬಿಗಿದುಕೊಳ್ಳುತ್ತದೆ. ಕಾಫಿಪುಡಿ ಡಬ್ಬ ಕೆಳಗಿನ ಗೂಡಿಗೆ ಇಳಿಯಿತು. ಬಟ್ಟೆಯ ತಂತಿಯನ್ನು ಯಜಮಾನರು ಎದೆಮಟ್ಟಕ್ಕೆ ಇಳಿಸಿ ಕಟ್ಟಿದರು. ರಾತ್ರಿ ಎಡಮಗ್ಗುಲಿಗೆ ಮಲಗಿ ಬಲಗೈಯನ್ನು ದಿಂಬಿನ ಮೇಲೆ ಒರಗಿಸಿದೆ. ಆ ಒಂದು ದಿಂಬು ಎಷ್ಟು ನಿದ್ದೆ ತಂದಿತು ಗೊತ್ತೇ!

ಎರಡು ವಾರವಾದರೂ ರಾತ್ರಿಯ ನೋವು ಪೂರ್ತಿ ಬಿಡಲಿಲ್ಲ. ಆಗ ರಜ್ಜುವಿನ ಮೇಲಿನ ಚೀಲದಂಥ ಜಾಗಕ್ಕೆ ಒಂದು ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು. ಇದು ಹರಿದದ್ದನ್ನು ಕೂಡಿಸುವುದಿಲ್ಲ. ಊತ ಇಳಿಸಿ, ವ್ಯಾಯಾಮ ಮಾಡುವಷ್ಟು ನೆಮ್ಮದಿ ಕೊಡುತ್ತದೆ. ಮೇಲಿಂದ ಮೇಲೆ ತೆಗೆದುಕೊಂಡರೆ ರಜ್ಜುವೇ ದುರ್ಬಲವಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೆಲವು ದಿನ ಸಕ್ಕರೆ ಏರುತ್ತದೆ. ನನಗೂ ಏರಿತು. ಒಂದು ವಾರ ದಿನಾ ಬೆರಳು ಚುಚ್ಚಿ ನೋಡಿಕೊಂಡೆ, ಆಮೇಲೆ ಇಳಿಯಿತು.

ನಿಜವಾದ ಔಷಧಿ ಸಿಕ್ಕಿದ್ದು ಫಿಸಿಯೋಥೆರಪಿ ಕೋಣೆಯಲ್ಲಿ. ಅಲ್ಲಿದ್ದ ಹುಡುಗ ನನ್ನ ಮಗನಿಗಿಂತ ಚಿಕ್ಕವನು. ತಾಳ್ಮೆ ಮಾತ್ರ ನಮ್ಮ ತಾತಂದಿರಷ್ಟು. ಮೊದಲು ಕಲಿಸಿದ್ದು ಲೋಲಕದ ವ್ಯಾಯಾಮ. ಎಡಗೈಯನ್ನು ಮೇಜಿಗೆ ಊರಿ, ಮುಂದಕ್ಕೆ ಬಾಗಿ, ಬಲಗೈಯನ್ನು ದೇವಸ್ಥಾನದ ಗಂಟೆಯ ನಾಲಿಗೆಯಂತೆ ಇಳಿಬಿಟ್ಟು ಮೈಯನ್ನು ತೂಗುವುದು. ಕೈ ತಾನಾಗಿ ಸುತ್ತುತ್ತದೆ. ಎರಡನೆಯದು, ಬೆರಳುಗಳು ಜೇಡನ ಹಾಗೆ ಗೋಡೆ ಹತ್ತುವುದು. ಮೂರನೆಯದು, ಬೆನ್ನಿನ ಎರಡು ‘ರೆಕ್ಕೆ’ಗಳನ್ನು ಹಿಂದಕ್ಕೆ ಸೇರಿಸಿ ಐದು ಎಣಿಸಿ ಬಿಡುವುದು. ನಾಲ್ಕನೆಯದು, ಮೊಣಕೈ ಮಡಿಸಿ ಪಕ್ಕೆಗೆ ಅಂಟಿಸಿ, ಮುಂಗೈಯ ಹಿಂಬದಿಯಿಂದ ಗೋಡೆಯನ್ನು ಒತ್ತುವುದು. ಗೋಡೆ ಕದಲುವುದಿಲ್ಲ, ಕೈಯೂ ಕದಲುವುದಿಲ್ಲ, ಆದರೆ ಒಳಗೆ ಸ್ನಾಯು ದುಡಿಯುತ್ತದೆ. ಕೆಲವು ವಾರಗಳ ನಂತರ ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿ, ಮೊಣಕೈ ಪಕ್ಕೆಯಲ್ಲೇ ಇಟ್ಟುಕೊಂಡು ಹೊರಕ್ಕೆ ಎಳೆಯುವುದು ಸೇರಿತು. ನಿಮಗೆ ಎಷ್ಟು, ಯಾವಾಗ ಎಂಬುದನ್ನು ನಿಮ್ಮನ್ನು ಪರೀಕ್ಷಿಸಿದವರೇ ಹೇಳಬೇಕು. ನನ್ನ ಪಟ್ಟಿ ನೋಡಿ ಎಲ್ಲವನ್ನೂ ಒಂದೇ ದಿನ ಶುರುಮಾಡಬೇಡಿ.

ಎಣಿಸುವ ಕೆಲಸ ಪುಟ್ಟಿಯದು. ಜಡೆಯ ಹತ್ತು ನಿಮಿಷ ಈಗ ವ್ಯಾಯಾಮದ ಹತ್ತು ನಿಮಿಷವಾಯಿತು. ನಮ್ಮ ನಡುಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಪ್ರತಿ ಹುಟ್ಟುಹಬ್ಬಕ್ಕೂ ಅವಳ ಎತ್ತರಕ್ಕೊಂದು ಗೆರೆ ಎಳೆಯುತ್ತೇವೆ. ಅದರ ಪಕ್ಕದಲ್ಲೇ ಅವಳು ಪ್ರತಿ ಭಾನುವಾರ ನನ್ನ ಬೆರಳು ಮುಟ್ಟಿದ ಜಾಗಕ್ಕೆ ಕೆಂಪು ಪೆನ್ಸಿಲ್ಲಿನಿಂದ ಗೆರೆ ಎಳೆದು ತಾರೀಖು ಬರೆಯತೊಡಗಿದಳು. ನನ್ನ ಕಿವಿಯ ಮಟ್ಟದಲ್ಲಿ ಶುರುವಾದ ಗೆರೆ ವಾರಕ್ಕೆ ಒಂದೆರಡು ಬೆರಳಿನಷ್ಟು ಏರುತ್ತಿತ್ತು.

ಸಂಕ್ರಾಂತಿಯ ಪಾಠ

ಸಂಕ್ರಾಂತಿ ಬಂತು. ನೋವು ಕಡಿಮೆಯಾಗಿತ್ತಲ್ಲ, ನನ್ನ ಹಳೆಯ ಜಂಬ ಮತ್ತೆ ತಲೆಯೆತ್ತಿತು. ಎರಡು ದಿನ ಕೂತು ಎಳ್ಳುಬೆಲ್ಲಕ್ಕೆ ಅಚ್ಚುಬೆಲ್ಲ, ಕೊಬ್ಬರಿಯನ್ನೆಲ್ಲ ಒಬ್ಬಳೇ ಹೆಚ್ಚಿದೆ. ಮೂರನೇ ದಿನ ಕೈ ಎತ್ತಲಾಗಲಿಲ್ಲ. ಭಾನುವಾರ ಬೆರಳು ಹಿಂದಿನ ಗೆರೆಗಿಂತ ಒಂದು ಗೇಣು ಕೆಳಗೇ ನಿಂತಿತು. “ಈ ವಾರ ಬರೆಯಬೇಡ ಪುಟ್ಟಿ” ಎಂದೆ.

“ಬರೀಬೇಕು ಅಜ್ಜಿ. ಕಡಿಮೆ ಬಂದರೆ ನಮ್ಮ ಟೀಚರ್ ಮಾರ್ಕ್ಸ್ ಬರೆಯದೆ ಬಿಡ್ತಾರಾ?” ಎಂದು ಗೆರೆ ಎಳೆದೇಬಿಟ್ಟಳು.

ಇದನ್ನು ಫಿಸಿಯೋ ಹುಡುಗನಿಗೆ ಹೇಳಿದಾಗ ಅವನು ಒಂದು ಕಥೆ ಹೇಳಿದ. ನಾನು ದಿನಾ ಮಾಡುವ ಲೋಲಕದ ವ್ಯಾಯಾಮಕ್ಕೆ ಅಮೆರಿಕದ ಬಾಸ್ಟನ್ ನಗರದ ಕಾಡ್‌ಮನ್ ಎಂಬ ಶಸ್ತ್ರವೈದ್ಯರ ಹೆಸರಿದೆ. ಹರಿದ ಸುಪ್ರಾಸ್ಪೈನೇಟಸ್ಸನ್ನು 1909ರಲ್ಲೇ ಹೊಲಿದವರು ಅವರು. 1934ರಲ್ಲಿ ಭುಜದ ಬಗ್ಗೆಯೇ ಒಂದು ದೊಡ್ಡ ಪುಸ್ತಕ ಬರೆದರು. ಅವರ ಹಟವೊಂದೇ: ಪ್ರತಿ ರೋಗಿ ಒಂದು ವರ್ಷದ ನಂತರ ಹೇಗಿದ್ದಾರೆ ಎಂದು ಕಾರ್ಡಿನಲ್ಲಿ ಬರೆದಿಡಬೇಕು, ವೈದ್ಯರ ತಪ್ಪಿದ್ದರೆ ಅದನ್ನೂ ಬರೆಯಬೇಕು. ಅಂದಿನ ದೊಡ್ಡ ಡಾಕ್ಟರುಗಳಿಗೆ ಇದು ಹಿಡಿಸದೆ ಅವರು ಆಸ್ಪತ್ರೆಯ ಕೆಲಸವನ್ನೇ ಬಿಡಬೇಕಾಯಿತು. “ನಿಮ್ಮ ಮೊಮ್ಮಗಳು ಮಾಡಿದ್ದೂ ಅದೇ. ಇಳಿದ ಗೆರೆ ಬರೆದಿದ್ದರಿಂದಲೇ ಏನು ತಪ್ಪಾಯಿತು ಅಂತ ಗೊತ್ತಾಯ್ತು” ಎಂದ.

ಅವನು ಅವತ್ತು ಕೊಟ್ಟ ಅಳತೆ ಇದು: ನೋವಿಗೆ ಹತ್ತರಲ್ಲಿ ಎಷ್ಟು ಅಂಕ ಎಂದು ನಮಗೆ ನಾವೇ ಕೇಳಿಕೊಳ್ಳಬೇಕು. ವ್ಯಾಯಾಮದ ಹೊತ್ತಿನಲ್ಲಿ ಮೂರು-ನಾಲ್ಕರೊಳಗಿದ್ದು, ಮಾರನೇ ಬೆಳಿಗ್ಗೆಯ ಹೊತ್ತಿಗೆ ಇಳಿದಿದ್ದರೆ ಅಡ್ಡಿಯಿಲ್ಲ. ರಾತ್ರಿಯೆಲ್ಲ ಉಳಿದರೆ ಅತಿಯಾಯಿತು ಎಂದರ್ಥ. ಆಗ ಒಂದು ಮೆಟ್ಟಿಲು ಇಳಿಯಬೇಕು, ಆದರೆ ಏಣಿಯನ್ನೇ ಬಿಡಬಾರದು. ಎರಡು ವಾರದಲ್ಲಿ ನನ್ನ ಗೆರೆ ಹಳೆಯ ಜಾಗಕ್ಕೆ ಬಂತು.

ಆಪರೇಷನ್ ಯಾರಿಗೆ?

ಎಲ್ಲರಿಗೂ ನನ್ನ ಹಾಗೆ ಆಗುತ್ತದೆ ಎಂದು ಹೇಳಲಾರೆ. ರಜ್ಜು ಅರ್ಧಕ್ಕಿಂತ ಹೆಚ್ಚು ದಪ್ಪ ಹರಿದಿದ್ದು, ಮೂರರಿಂದ ಆರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿದರೂ ನೋವು ತಗ್ಗದಿದ್ದರೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ. ಬಿದ್ದು ಪೂರ್ತಿ ಹರಿದುಕೊಂಡವರಿಗೆ ಇನ್ನೂ ಬೇಗ ಬೇಕಾಗಬಹುದು. ಈಗ ಸಣ್ಣ ತೂತುಗಳ ಮೂಲಕ ದುರ್ಬೀನು ಹಾಕಿ ರಜ್ಜುವನ್ನು ಮೂಳೆಗೆ ಹೊಲಿಯುತ್ತಾರೆ. ಆಮೇಲೆ ಸುಮಾರು ನಾಲ್ಕರಿಂದ ಆರು ವಾರ ಕೈಯನ್ನು ಜೋಳಿಗೆಯಲ್ಲಿಡಬೇಕು, ನಂತರ ತಿಂಗಳುಗಟ್ಟಲೆ ಇದೇ ವ್ಯಾಯಾಮ. ಹೊಲಿಸಿಕೊಂಡರೂ ವ್ಯಾಯಾಮ ತಪ್ಪದು ಎಂಬುದನ್ನು ನೆನಪಿಡಿ.

ನಮ್ಮ ಅನಿಲ್ ಕುಂಬ್ಳೆ ಅವರನ್ನೇ ನೋಡಿ. ಭುಜದ ಶಸ್ತ್ರಚಿಕಿತ್ಸೆಯಿಂದಾಗಿ 2001ರಲ್ಲಿ ಆಸ್ಟ್ರೇಲಿಯಾ ವಿರುದ್ಧದ ಆ ಪ್ರಸಿದ್ಧ ಸರಣಿ ಅವರಿಗೆ ತಪ್ಪಿಹೋಯಿತು. ಅವರ ಕಥೆ ಅಲ್ಲಿಗೇ ಮುಗಿಯಿತು ಎಂದವರಿದ್ದರು. ಮತ್ತೆ ಚೆಂಡು ಹಿಡಿದು, ಕೊನೆಗೆ 619 ಟೆಸ್ಟ್ ವಿಕೆಟ್ ಪಡೆದು ನಿವೃತ್ತರಾದರು.

ಮಕ್ಕಳೇ, ನಿಮ್ಮ ವಯಸ್ಸಿನಲ್ಲಿ ಈ ರಜ್ಜು ಹರಿಯುವುದು ಬಹಳ ಅಪರೂಪ. ನಿಮ್ಮ ಎಳೆಯ ರಜ್ಜು ತುಂಬಾ ಗಟ್ಟಿ. ಆದರೆ ತೋಳಿನ ಮೂಳೆ ಇನ್ನೂ ಬೆಳೆಯುತ್ತಿರುವ ಜಾಗ ಮೆತ್ತಗಿರುತ್ತದೆ. ದಿನವಿಡೀ ಬೌಲಿಂಗ್ ಮಾಡಿದರೆ, ಚೆಂಡು ಎಸೆದರೆ ಪೆಟ್ಟಾಗುವುದು ಅಲ್ಲಿಗೆ. ಎಸೆಯುವಾಗ ಭುಜ ನೋಯುತ್ತಿದ್ದರೆ ತಂಡದಿಂದ ಕೈಬಿಡುತ್ತಾರೆಂದು ಹೆದರಿ ಮುಚ್ಚಿಡಬೇಡಿ. ಮುಚ್ಚಿಟ್ಟ ಅಜ್ಜಿಗೆ ಏನಾಯಿತೆಂದು ಓದಿದಿರಲ್ಲ!

ಹಿರಿಯರು ತಡಮಾಡದೆ ಡಾಕ್ಟರ ಬಳಿ ಹೋಗಬೇಕಾದ ಸಂದರ್ಭಗಳಿವೆ. ಬಿದ್ದ ಮೇಲೆ ಕೈ ಎತ್ತಲೇ ಆಗದಿದ್ದರೆ, ಭುಜದ ಆಕಾರ ಬದಲಾಗಿದ್ದರೆ, ಭುಜ ಕೆಂಪಾಗಿ ಜ್ವರ ಬಂದರೆ, ಕೈಯಲ್ಲಿ ಜೋಮು ಹೆಚ್ಚುತ್ತಿದ್ದರೆ ಅವತ್ತೇ ತೋರಿಸಿ. ಎಡಭುಜದ ನೋವಿನ ಜೊತೆ ಎದೆ ಹಿಂಡಿದಂತಾಗಿ, ಬೆವರು, ಉಬ್ಬಸ ಬಂದರೆ ಅದು ಹೃದಯದ ಕರೆಗಂಟೆ ಇರಬಹುದು. ಎಣ್ಣೆ ತಿಕ್ಕುತ್ತ ಕೂರದೆ 108ಕ್ಕೆ ಫೋನ್ ಮಾಡಿ. ಇಂಥದ್ದೇನೂ ಇಲ್ಲದೆ ಬರೀ ರಾತ್ರಿ ಎಬ್ಬಿಸುವ ನೋವು ಎರಡು-ಮೂರು ವಾರ ದಾಟಿದರೂ ‘ವಯಸ್ಸಾಯಿತು’ ಎಂದು ಸುಮ್ಮನಿರಬೇಡಿ.

ಯುಗಾದಿಯ ಹೊತ್ತಿಗೆ ನನಗೆ ರಾತ್ರಿಯಿಡೀ ನಿದ್ದೆ ಬರುತ್ತಿತ್ತು. ಬಟ್ಟೆಯ ತಂತಿ ಹಳೆಯ ಎತ್ತರಕ್ಕೆ ಹೋಯಿತು. ರಬ್ಬರ್ ಪಟ್ಟಿ ಇನ್ನೂ ಕಿಟಕಿಯಲ್ಲೇ ಇದೆ, ವಾರಕ್ಕೆ ಮೂರು ದಿನ ಎಳೆಯುತ್ತೇನೆ. ಅಟ್ಟದ ಮೇಲಿನ ಪಾತ್ರೆ ಇಳಿಸುವುದು ಮಾತ್ರ ಇನ್ನು ಮಗನ ಕೆಲಸ. ನಾನು ಕೆಳಗೆ ನಿಂತು ಹುಷಾರು ಹೇಳುತ್ತೇನೆ.

ಈ ಜೂನ್‌ನಲ್ಲಿ ಶಾಲೆ ಶುರುವಾದ ದಿನ ಪುಟ್ಟಿ ಏಳೂಕಾಲಕ್ಕೆ ಸ್ಟೂಲು ಎಳೆದುಕೊಂಡು ಬಂದು ಕನ್ನಡಿಯ ಮುಂದೆ ಕೂತಳು. ಕೂದಲು ಹೆಗಲು ಮುಟ್ಟುವಷ್ಟು ಬೆಳೆದಿತ್ತು. ಇಲಿಯ ಬಾಲದಂಥ ಎರಡು ಗಿಡ್ಡ ಜಡೆ ಬಂದವು. ರಿಬ್ಬನ್ ಕಟ್ಟುವಾಗ ನೋಡಿದರೆ, ಅವಳು ತನ್ನ ಜಡೆಯನ್ನು ನೋಡಿಕೊಳ್ಳುತ್ತಲೇ ಇರಲಿಲ್ಲ. ಕಣ್ಣು ಕನ್ನಡಿಯಲ್ಲಿದ್ದ ನನ್ನ ಮುಖದ ಮೇಲೇ ಇತ್ತು.

“ಹತ್ತಕ್ಕೆ ಎಷ್ಟು ಅಜ್ಜಿ?” ಎಂದಳು.

“ಸೊನ್ನೆ” ಎಂದೆ. ಕೊಂಚ ಯೋಚಿಸಿ, “ಅರ್ಧ ಅಂತ ಬರೆದುಕೋ” ಎಂದು ನಿಜ ಹೇಳಿದೆ.